ಟೈಟೇನಿಯಂ ಸರಿ, ಪಕ್ಕದ ಬೋಲ್ಟ್ ಕಥೆ ಏನು?

ದಾವಣಗೆರೆಗೂ ಸಮುದ್ರಕ್ಕೂ ಏನು ಸಂಬಂಧ ಅನ್ನಬೇಡಿ. ನಮ್ಮ ಲೇತ್ ವರ್ಕ್‌ಶಾಪ್‌ಗೆ ಮಲ್ಪೆ ಕಡೆಯಿಂದ ಆಗಾಗ ದೋಣಿ ಕೆಲಸ ಬರುತ್ತದೆ. ಈ ಸಲ ಬಂದದ್ದು ಟೈಟೇನಿಯಂ ಪ್ಲೇಟ್. "ಅಣ್ಣಾ, ಬೋಲ್ಟ್ ಮಾತ್ರ ಮಾಮೂಲಿ ಕಬ್ಬಿಣದ್ದೇ ಹಾಕಿ, ಟೈಟೇನಿಯಂ ಬೋಲ್ಟ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ" ಅಂದರು ಗಿರಾಕಿ. ಬೇಡ ಅಂತ ವಾದ ಮಾಡುವ ಬದಲು ತೋರಿಸಿಬಿಡೋಣ ಅನಿಸಿತು.

ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿದರೆ ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪು. ಬೋರ್ ನೀರು ಬೇಡ, ಅದರ ಗಡಸುತನಕ್ಕೆ ಲೋಹದ ಮೇಲೆ ಬಿಳಿ ಪದರ ಕೂರುತ್ತದೆ. ಆರ್‌ಒ ನೀರೇ ಬಳಸಿದೆ. ಒಂದು ಡಬ್ಬದಲ್ಲಿ ಅಂಗೈ ಅಗಲದ ಟೈಟೇನಿಯಂ, ವೈರಿನಿಂದ ಸೇರಿಸಿದ ಸಣ್ಣ ಕಬ್ಬಿಣದ ಬೋಲ್ಟ್. ಇನ್ನೊಂದರಲ್ಲಿ ಉಲ್ಟಾ: ದೊಡ್ಡ ಕಬ್ಬಿಣ, ಟೈಟೇನಿಯಂ ತುಣುಕು. ಮೂರನೆಯದರಲ್ಲಿ ಬೋಲ್ಟ್ ಒಂದೇ.

ವೈರ್ ಸೇರಿಸುವ ಮುಂಚೆ ಎರಡು ಲೋಹಗಳ ನಡುವೆ ಮೀಟರ್ ಸುಮಾರು ಅರ್ಧ ವೋಲ್ಟ್ ತೋರಿಸಿತು. ಟೈಟೇನಿಯಂಗೆ ಆಗ ತಾನೆ ಎಮರಿ ಪೇಪರ್ ಉಜ್ಜಿದ್ದರೆ ಮೊದಲು ಕಡಿಮೆ ಬರುತ್ತದೆ, ಆಕ್ಸೈಡ್ ಪೊರೆ ಕಟ್ಟಿಕೊಂಡಂತೆ ಏರುತ್ತದೆ. ಅವಸರ ಬೇಡ. ಕಬ್ಬಿಣದ ಬದಲು ಅಲ್ಯೂಮಿನಿಯಂ ಇಟ್ಟರೆ ಈ ವೋಲ್ಟ್ ಅಂತರ ಇನ್ನೂ ಜಾಸ್ತಿ. ಸ್ಟೇನ್‌ಲೆಸ್ ಸ್ಟೀಲ್ ಇಟ್ಟರೆ ತೀರಾ ಕಡಿಮೆ.

ಮೊದಲ ಡಬ್ಬದ ಬೋಲ್ಟ್ ಒಂಟಿ ಬೋಲ್ಟಿಗಿಂತ ಬೇಗ ಸವೆಯಿತು, ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಎರಡನೆಯದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಲೋಹದ ಜೋಡಿ ಅದೇ, ಅಳತೆ ಮಾತ್ರ ಬೇರೆ! ನೀರಿನಲ್ಲಿ ಕರಗಿದ ಆಮ್ಲಜನಕ ಟೈಟೇನಿಯಂ ಮೈಮೇಲೆ ಎಲೆಕ್ಟ್ರಾನ್ ಪಡೆಯುತ್ತದೆ. ಅದನ್ನು ಕೊಡುತ್ತಾ ಕೊಡುತ್ತಾ ಕರಗುವುದು ಕಬ್ಬಿಣ. ಮೈ ದೊಡ್ಡದಾದಷ್ಟೂ ಬೇಡಿಕೆ ದೊಡ್ಡದು, ಸಣ್ಣ ಬೋಲ್ಟ್ ಎಷ್ಟು ಅಂತ ಕೊಟ್ಟೀತು?

ಬೋಲ್ಟಿಗೆ ಪೇಂಟ್ ಹೊಡೆದರೆ ಆಯ್ತಲ್ವಾ ಅಂತ ನಮ್ಮ ಹುಡುಗ ಕೇಳಿದ. ಅದೇ ಅಪಾಯ. ಪೇಂಟ್ ಒಂದು ಕಡೆ ಕಿತ್ತರೂ ಇಡೀ ಹೊಡೆತ ಆ ಚುಕ್ಕೆಯ ಮೇಲೆ ಬೀಳುತ್ತದೆ. ಹೊಡೆಯುವುದಿದ್ದರೆ ಟೈಟೇನಿಯಂಗೆ ಹೊಡೆಯಬೇಕು. ಕೇಳಿದವರು ನಗುತ್ತಾರೆ, ನಗಲಿ.

ತುಕ್ಕು ಹಿಡಿಯದಿರಲಿ ಅಂತ ದೋಣಿಗೆ ಕಟ್ಟುವ ಸತುವಿನ ಗಟ್ಟಿಯನ್ನೂ ಟೈಟೇನಿಯಂಗೆ ಸುಮ್ನೆ ಸೇರಿಸಬಾರದು. ಆಗ ಟೈಟೇನಿಯಂ ಮೈಮೇಲೆ ಹೈಡ್ರೋಜನ್ ಹುಟ್ಟಿ ಒಳಗೆ ಇಳಿಯಬಹುದು, ಲೋಹ ಪೆಡಸಾಗುತ್ತದೆ. 80 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿ ಜಾಗದಲ್ಲಿ ಇದರ ಭಯ ಜಾಸ್ತಿ.

ಡಬ್ಬದ ಫೋಟೊ ನೋಡಿದ ಮೇಲೆ ಗಿರಾಕಿ ಟೈಟೇನಿಯಂ ಬೋಲ್ಟಿಗೇ ಒಪ್ಪಿದರು. ಉಕ್ಕಿನ ಬ್ರಾಕೆಟ್ ತಾಗುವ ಕಡೆ ನೈಲಾನ್ ಬುಷ್, ವಾಷರ್ ಹಾಕಿದೆ. ಪ್ಲೇಟಿಗೂ ಬ್ರಾಕೆಟ್ಟಿಗೂ ಮೀಟರ್ ಹಿಡಿದು, ಬೀಪ್ ಬರಲ್ಲ, ಅಂದರೆ ಲೋಹಕ್ಕೆ ಲೋಹ ತಾಗಿಲ್ಲ ಅಂತ ನೋಡಿಕೊಂಡೇ ಪಾರ್ಸಲ್ ಕಟ್ಟಿದೆ.