ಸಿಂಗಪುರದಲ್ಲಿ ಕಲ್ಲು ನೋಡುವುದು ಹೇಗೆ?

ನಾನು ರಾಮನಗರದವನು, ಬಂಡೆ ಹತ್ತಿಯೇ ಬೆಳೆದವನು. ಸಿಂಗಪುರಕ್ಕೆ ಬಂದ ಹೊಸದರಲ್ಲಿ ಇಲ್ಲಿನ ಅತಿ ಎತ್ತರದ ಗುಡ್ಡ ಬುಕಿಟ್ ತಿಮಾ ಹತ್ತಿದೆ. ಎತ್ತರ 163 ಮೀಟರ್ ಅಷ್ಟೇ. ನಮ್ಮೂರಿನ ಹಾಗೆ ಬಂಡೆ ಎದ್ದು ನಿಂತಿರಲಿಲ್ಲ. ಬರೀ ಕಾಡು, ಕೆಂಪು ಮಣ್ಣು. ಆ ಮಣ್ಣೇ ಒಂದು ಕಾಲದ ಗ್ರಾನೈಟ್ ಅಂತ ಆಮೇಲೆ ಗೊತ್ತಾಯಿತು. ವರ್ಷವಿಡೀ ಮಳೆ, ಸೆಕೆ ಅಲ್ವಾ? ಕಲ್ಲು ಹತ್ತಾರು ಮೀಟರ್ ಆಳದವರೆಗೆ ಶಿಥಿಲವಾಗಿ ಮಣ್ಣಾಗಿದೆ. ಹಾಗಾಗಿ ಇಲ್ಲಿ ಕಲ್ಲು ಹುಡುಕುವವರು ಗುಡ್ಡದ ನೆತ್ತಿಗೆ ಹೋಗಬೇಡಿ. ಹಳೇ ಕ್ವಾರಿಗೋ ಸಮುದ್ರದ ದಡಕ್ಕೋ ಹೋಗಿ.

ಮೊದಲು ಪುಲಾವ್ ಉಬಿನ್ ದ್ವೀಪ. ಚಾಂಗಿ ಪಾಯಿಂಟ್‌ನಲ್ಲಿ ದೋಣಿ ಸಿಗುತ್ತದೆ. 12 ಜನ ಸೇರಿದ ಮೇಲೆ ಹೊರಡುತ್ತದೆ, ಕಾಯಬೇಕು. ದಡದ ಬಂಡೆಯ ಮೇಲೆ ಬಾಟಲಿಯಿಂದ ಸ್ವಲ್ಪ ನೀರು ಸುರಿದು ಬಗ್ಗಿ ನೋಡಿ. ಒದ್ದೆಯಾದರೆ ಹರಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಗಾಜಿನಂತಿರುವುದು ಬೆಣಚು. ಬೆಳ್ಳಗೆ ಮಂಕಾಗಿರುವುದು ಫೆಲ್ಡ್‌ಸ್ಪಾರ್. ಕಪ್ಪು ಚುಕ್ಕೆಗಳಲ್ಲಿ ಹೊಳೆಯುವಂಥವು ಕರಿ ಕಾಗೆಬಂಗಾರ, ಅಂದರೆ ಮೈಕಾ. ಇವಿಷ್ಟೂ ಸೇರಿದ್ದರೆ ಗ್ರಾನೈಟ್ ಅನ್ನಿ. ವಯಸ್ಸು 20 ಕೋಟಿ ವರ್ಷಕ್ಕೂ ಜಾಸ್ತಿ. ರಾಮನಗರದ ಕಲ್ಲಿಗೆ ಸುಮಾರು 250 ಕೋಟಿ ವರ್ಷ, ಅದರ ಮುಂದೆ ಇದಿನ್ನೂ ಕೂಸು! ಆದರೆ ಗಟ್ಟಿ ಕೂಸು. 1851ರಲ್ಲಿ ದೀಪ ಹಚ್ಚಿದ ಹಾರ್ಸ್‌ಬರ್ಗ್ ಲೈಟ್‌ಹೌಸ್ ಕಟ್ಟಿದ್ದು ಉಬಿನ್ ಕಲ್ಲಿನಲ್ಲೇ.

ಆಮೇಲೆ ಬುಕಿಟ್ ಗೊಂಬಾಕ್ ಸ್ಟೇಷನ್ ಹತ್ತಿರದ ಲಿಟಲ್ ಗುಯ್ಲಿನ್. ನೀರು ತುಂಬಿದ ಹಳೇ ಕ್ವಾರಿ. ಊರಿಂದ ಬಂದಿದ್ದ ಅಮ್ಮನಿಗೆ "ಇದೂ ನಮ್ಮ ಕಲ್ಲೇ, ಗ್ರಾನೈಟ್" ಎಂದು ಜಂಬದಿಂದ ತೋರಿಸಿದೆ. ಅಮ್ಮ ಒಂದು ನಿಮಿಷ ನೋಡಿ, "ಇದು ಕರೀ ಕಲ್ಲು ಕಣೋ, ನಮ್ಮದಲ್ಲ" ಅಂದರು. ಅಮ್ಮನೇ ಸರಿ. ಅದು ನೋರೈಟ್, ಗ್ಯಾಬ್ರೋ ಜಾತಿಯ ಕಲ್ಲು. ಭೂಮಿಯಾಳದಲ್ಲೇ ತಣ್ಣಗಾದದ್ದು, ಆದರೆ ಬೆಣಚಿನ ಹರಳು ಕಡಿಮೆ, ಕಪ್ಪು ಖನಿಜ ಜಾಸ್ತಿ. ತಮಾಷೆ ಏನೆಂದರೆ, ಹೆಸರು ಕೊಟ್ಟ ಚೀನಾದ ಗುಯ್ಲಿನ್ ಬೆಟ್ಟಗಳು ಸುಣ್ಣಕಲ್ಲಿನವು. ಬರೀ ಆಕಾರ ನೋಡಿ ಹೆಸರಿಡುವುದು ನಾನೊಬ್ಬನೇ ಅಲ್ಲ.

ಪದರದ ಕಲ್ಲಿಗೆ ಲ್ಯಾಬ್ರಡಾರ್ ಪಾರ್ಕ್. ಸಮುದ್ರದ ಪಕ್ಕದ ಗೋಡೆಯಲ್ಲಿ ಮರಳುಗಲ್ಲು, ಕೆಸರು ಗಟ್ಟಿಯಾದ ಕಲ್ಲು ಓರೆಯಾಗಿ ಪೇರಿಸಿಕೊಂಡಿವೆ. ದಾರಿಯಿಂದಲೇ ನೋಡಿ, ಬೇಲಿ ದಾಟಬೇಡಿ. ಇದು ಜುರೊಂಗ್ ಶಿಲಾಸಮೂಹ, ಅಂದರೆ ಸಿಂಗಪುರದ ಪಶ್ಚಿಮದಲ್ಲಿ ಹರಡಿರುವ ಪದರದ ಕಲ್ಲುಗಳ ಗುಂಪು. ಜುರೊಂಗ್ ದ್ವೀಪದ ಹತ್ತಿರ ಇದೇ ಜಾತಿಯ ಕಲ್ಲಿನೊಳಗೆ ನೆಲದಡಿ 130 ಮೀಟರ್‌ನಲ್ಲಿ ಗುಹೆ ಕೊರೆದು ಎಣ್ಣೆ ತುಂಬಿಟ್ಟಿದ್ದಾರೆ.

ಪೂರ್ವ ಭಾಗದಲ್ಲಿ ಕಲ್ಲು ಹುಡುಕಿ ಸುಸ್ತಾಗಬೇಡಿ. ಅಲ್ಲಿ ಹಳೇ ನದಿಗಳು ತಂದು ಹಾಕಿದ ಮರಳು, ಜಲ್ಲಿ, ಜೇಡಿ. ತಾನಾ ಮೆರಾ ಅಂದರೆ ಮಲಯ ಭಾಷೆಯಲ್ಲಿ ಕೆಂಪು ಮಣ್ಣು. ಈಗ ಆ ಹೆಸರಿನ ಮೆಟ್ರೋ ಸ್ಟೇಷನ್ ಇದೆ.

ಸುತ್ತಿಗೆ ಒಯ್ಯಬೇಡಿ. ಪಾರ್ಕಿನಿಂದ ಕಲ್ಲು ತರುವ ಹಾಗಿಲ್ಲ. ಅಮ್ಮ ಸೆರಗಿಗೆ ಕಟ್ಟಿಕೊಂಡಿದ್ದ ಎರಡು ಚೂರನ್ನು ಬಿಚ್ಚಿಸಿ ವಾಪಸ್ ಇಡಿಸಬೇಕಾಯಿತು.