ಹಿಟ್ಟಿನ ಮೇಲೆ ಬೀಳುತ್ತಿದ್ದ ನೆರಳು

ವಿಜಯಪುರದ ನಮ್ಮ ಮನೆಯ ಅಡುಗೆಮನೆಗೆ ಫಾಲ್ಸ್ ಸೀಲಿಂಗ್ ಮಾಡಿಸಿದಾಗ ನಟ್ಟನಡುವೆ ಸಾಲಾಗಿ ನಾಲ್ಕು ಹ್ಯಾಲೋಜೆನ್ ಲೈಟ್ ಕೂರಿಸಿದ್ದರು. ಒಂದೊಂದೂ 50 ವ್ಯಾಟ್. ನೋಡೋಕೆ ಚಂದ. ಆದರೆ ಮೇ ತಿಂಗಳಲ್ಲಿ ಮುಂದೆ ಒಂದು ಒಲೆ, ತಲೆ ಮೇಲೆ ಇನ್ನೊಂದು ಒಲೆ. ಹೊರಗೆ 40 ಡಿಗ್ರಿ ಬಿಸಿಲು ಬೇರೆ!

ಹ್ಯಾಲೋಜೆನ್ ಕಿತ್ತು ಅದೇ ತೂತುಗಳಿಗೆ ಎಲ್‌ಇಡಿ ಹಾಕಿಸಿದೆ. ಸೆಖೆ ಕಡಿಮೆಯಾಯಿತು, ಕೆಲಸ ಮುಗೀತು ಅಂದುಕೊಂಡೆ. ಮಾರನೇ ದಿನ ರೊಟ್ಟಿ ಬಡಿಯಲು ನಿಂತ ಅತ್ತೆ, "ಬೆಳಕೇನೋ ಐತಿ ಖರೇವಾ, ಆದ್ರ ನನ್ನ ನೆಳ್ಳು ಹಿಟ್ಟಿನ ಮ್ಯಾಲ ಬೀಳಾಕತ್ತೈತಿ ನೋಡು" ಅಂದರು. ಹೌದಲ್ವಾ! ಲೈಟು ಬೆನ್ನ ಹಿಂದೆ, ನಾವು ಕಟ್ಟೆಗೆ ಮುಖ ಮಾಡಿ ನಿಲ್ಲುತ್ತೇವೆ. ಎಷ್ಟು ವ್ಯಾಟ್ ಹಾಕಿದರೂ ನೆರಳು ಬಿದ್ದೇ ಬೀಳುತ್ತದೆ. ಇಷ್ಟು ವರ್ಷ ಅರೆಬೆಳಕಲ್ಲೇ ಬೇಳೆ ಹಸನು ಮಾಡಿದ್ದೇವೆ, ಯಾರಿಗೂ ಹೊಳೆದಿರಲಿಲ್ಲ.

ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. "ಅಕ್ಕಾರ, ಎಲ್ಲಾರೂ ನಡುವನ ಹಾಕಸ್ತಾರ್ರಿ" ಅಂದ. ನಾನು ಸುಮ್ನೆ ವಾದ ಮಾಡಲಿಲ್ಲ. ಒಂದು ಹೋಲ್ಡರ್‌ಗೆ ಉದ್ದ ವೈರ್ ಕಟ್ಟಿಸಿ, ಬಲ್ಬ್ ಹಾಕಿ, ಮಗನನ್ನು ಸ್ಟೂಲ್ ಮೇಲೆ ಹತ್ತಿಸಿದೆ. ಅವನು ಸೀಲಿಂಗ್‌ಗೆ ಹಿಡಿದುಕೊಂಡು ಗೋಡೆ ಕಡೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದ. ಅತ್ತೆ ಹಿಟ್ಟು ಹಿಡಿದು ನಿಂತಿದ್ದರು. ಗೋಡೆಯಿಂದ 20 ಇಂಚಿಗೆ ಬಂದಾಗ ನೆರಳು ಕಟ್ಟೆಯಿಂದ ಇಳಿದು ನೆಲಕ್ಕೆ ಹೋಯಿತು. ಅಲ್ಲೇ ಪೆನ್ಸಿಲ್ ಗುರುತು. ನಮ್ಮ ಕಟ್ಟೆ ಎರಡು ಅಡಿ ಅಗಲ, ಮೇಲಿನ ಕಪಾಟು ಒಂದು ಅಡಿ ಆಳ, ಹಾಗಾಗಿ ಕಪಾಟಿನ ಬಾಗಿಲಿಗೂ ಲೈಟು ಅಡ್ಡ ಬರಲಿಲ್ಲ. ನಿಮ್ಮ ಕಟ್ಟೆಯ ಅಳತೆ ಬೇರೆ ಇದ್ದರೆ ಜಾಗವೂ ಬೇರೆ ಆಗುತ್ತದೆ, ತೂತು ಕೊರೆಯೋ ಮೊದಲು ಹೀಗೆ ಹಿಡಿದು ನೋಡಿ.

ಎರಡನೇ ಸಲ ಅಂಗಡಿಗೆ ಹೋಗುವಾಗ ಪುಟ್ಟ ಡಬ್ಬಿಗಳಲ್ಲಿ ಕೆಂಪು ಖಾರ, ಜೋಳದ ಹಿಟ್ಟು ಒಯ್ದೆ. ಅಂಗಡಿಯವರು ನಕ್ಕರು, ನಗಲಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ ಬಿಳಿ. 6500 ಕೆಲ್ವಿನ್‌ನ ಅಗ್ಗದ ಬಿಳಿ ಲೈಟಿನ ಕೆಳಗೆ ನಮ್ಮ ಬ್ಯಾಡಗಿ ಖಾರ ಹಳೇ ಇಟ್ಟಿಗೆ ಪುಡಿಯ ಹಾಗೆ ಕಂದಾಗಿ ಕಂಡಿತು. 3000ದ ಕೆಳಗೆ ಹಿಟ್ಟಿಗೆ ಅರಿಶಿನ ಬೆರೆತ ಹಾಗಿತ್ತು. 4000 ಕೆಲ್ವಿನ್, ಸಿಆರ್‌ಐ 90 ಅಂತ ಬರೆದಿದ್ದರ ಕೆಳಗೆ ಖಾರ ಖಾರದ ಹಾಗೆ, ಹಿಟ್ಟು ಹಿಟ್ಟಿನ ಹಾಗೆ. ಸಿಆರ್‌ಐ ಅಂದರೆ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ, 100 ಅಂದರೆ ಪೂರ್ತಿ. ಮಾಮೂಲಿ ಲೈಟು 80ರಲ್ಲಿರುತ್ತದೆ. 90ರದ್ದಕ್ಕೆ ದುಡ್ಡು ಜಾಸ್ತಿ, ಆದರೆ ಅಡುಗೆಮನೆಗೆ ಕೊಡಬಹುದು. ಬೆಡ್‌ರೂಮಿಗೆ ನಾನು ಕೊಡಲ್ಲ.

ವ್ಯಾಟ್ ಕೇಳಬೇಡಿ, ಲ್ಯೂಮೆನ್ ಕೇಳಿ. ವ್ಯಾಟ್ ಅಂದರೆ ಎಷ್ಟು ಕರೆಂಟ್ ತಿನ್ನುತ್ತದೆ, ಲ್ಯೂಮೆನ್ ಅಂದರೆ ಎಷ್ಟು ಬೆಳಕು ಕೊಡುತ್ತದೆ. ನಾನು ತಂದದ್ದು 8 ವ್ಯಾಟ್, 800 ಲ್ಯೂಮೆನ್. ಅಂದರೆ ವ್ಯಾಟ್‌ಗೆ 100, ಅಷ್ಟಿದ್ದರೆ ಸಾಕು. ಐದು ತಂದೆ: ಮೂರು ಕಟ್ಟೆ ಮೇಲೆ, ಎರಡು ನಡುವೆ, ಸ್ವಿಚ್ ಬೇರೆ ಬೇರೆ. ಬೆಳಿಗ್ಗೆ ಚಹಾ ಮಾಡೋಕೆ ಕಟ್ಟೆಯ ಸಾಲೊಂದೇ ಸಾಕು. ಮೊದಲು 200 ವ್ಯಾಟ್ ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 30 ಯೂನಿಟ್. ಈಗ ಐದೂ ಉರಿದರೂ 40 ವ್ಯಾಟ್, 6 ಯೂನಿಟ್. "ಗೃಹಜ್ಯೋತಿ ಐತೆಲ್ರೀ, ಕರೆಂಟ್ ಪುಕ್ಕಟೆ, ಯಾಕ ಇಷ್ಟು ಲೆಕ್ಕ?" ಅಂದರು ಪಕ್ಕದ ಮನೆಯವರು. ಪುಕ್ಕಟೆ ಇರುವುದು ನಮ್ಮ ಮನೆಗೆ ಗೊತ್ತು ಮಾಡಿದ ಯೂನಿಟ್‌ವರೆಗೆ ಮಾತ್ರ. ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರಾ ಬಿಲ್. ಬೇಸಿಗೆಯಲ್ಲಿ ಕೂಲರ್ ಹಚ್ಚುವ ಮನೆಗೆ 24 ಯೂನಿಟ್ ಸಣ್ಣದಲ್ಲ.

ತೂತಿನ ಅಳತೆಯಲ್ಲಿ ಎಡವಿದೆವು. ಲೈಟಿನ ಹೊರ ಅಂಚಿನ ಅಳತೆ ಒಂದು, ಕೊರೆಯಬೇಕಾದ ತೂತು ಇನ್ನೊಂದು. ಎರಡೂ ಡಬ್ಬಿ ಮೇಲೆ ಇರುತ್ತವೆ. ಎಲೆಕ್ಟ್ರಿಷಿಯನ್ ಹುಡುಗ ಅವಸರದಲ್ಲಿ ಮೊದಲನೇದನ್ನು ಬೆರಳಗಲ ದೊಡ್ಡದು ಕೊರೆದ. ಒಂದು ವಾರ ಆ ಸಂದಿಯಿಂದ ಹಲ್ಲಿಯೊಂದು ತಲೆ ಹೊರಗೆ ಹಾಕಿ ಒಗ್ಗರಣೆ ನೋಡುತ್ತಿತ್ತು. ಸೀಲಿಂಗ್ ಮಾಡುವ ಪಿಒಪಿಯವರು ಬಂದು ಅದನ್ನೂ ಹಳೇ ನಾಲ್ಕು ತೂತುಗಳನ್ನೂ ಮುಚ್ಚಿ, ನಡುವಿನ ಎರಡಕ್ಕೆ ಹೊಸದಾಗಿ ಕೊರೆದರು.

ಮುಂದಿನ ಬೇಸಿಗೆಯಲ್ಲಿ ಒಲೆ ಮೇಲಿನ ಲೈಟು ಮಿಣಮಿಣ ಅನ್ನತೊಡಗಿತು. ಎಲ್‌ಇಡಿಗೆ ಏನೂ ಆಗಿರಲಿಲ್ಲ, ಮೇಲಿನ ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ಒಗ್ಗುವ ಹಾಗೆ ಬದಲಿಸಿ ಕೊಡುವ ಪುಟ್ಟ ಡಬ್ಬಿ, ಹೋಗಿತ್ತು. ಸೀಲಿಂಗ್ ಒಳಗಿನ ಸೆಖೆಗೆ ಮೊದಲು ಸೋಲುವುದು ಅದೇ. ಪುಣ್ಯಕ್ಕೆ ಡ್ರೈವರ್ ಬೇರೆ ಇದ್ದ ಲೈಟು, ಪಿನ್ ಕಿತ್ತು ಹೊಸದು ಸಿಕ್ಕಿಸಿದೆವು. ಈ ಸಲ ವೋಲ್ಟೇಜ್ ಏರಿಳಿದರೂ 100ರಿಂದ 300 ವೋಲ್ಟ್‌ವರೆಗೆ ತಡೆಯುವುದು ತಂದೆ. ಜೊತೆಗೆ ಇನ್ನೊಂದನ್ನೂ ತಂದು ಹಳೇ ಚಹಾ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅತ್ತೆ ಅದನ್ನು ಎರಡು ಸಲ ಮೊಬೈಲ್ ಚಾರ್ಜರ್ ಅಂತ ತೆಗೆದಿದ್ದರಿಂದ ಮೇಲೆ ದೊಡ್ಡದಾಗಿ "ಅಡಗಿಮನಿ ಲೈಟಿಂದು" ಅಂತ ಬರೆದು ಅಂಟಿಸಬೇಕಾಯಿತು.