ಅಕ್ಷರಕ್ಕಿಂತ ಮೊದಲು ಡಬ್ಬಿಯ ಮುಚ್ಚಳ

ಶಾಲೆ ಶುರುವಾಗಿ ಮೂರನೇ ದಿನ. ಊಟದ ಹೊತ್ತು ಮುಗಿಯುತ್ತಾ ಬಂದಿತ್ತು. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಡಬ್ಬಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ. ಅಳಲಿಲ್ಲ, ಯಾರನ್ನೂ ಕರೆಯಲಿಲ್ಲ. ಹತ್ತಿರ ಹೋಗಿ ನೋಡಿದರೆ ಡಬ್ಬಿಯ ಮುಚ್ಚಳವನ್ನೇ ತೆಗೆದಿಲ್ಲ. ನಾಲ್ಕೂ ಕಡೆ ಲಾಕ್ ಇರುವ ಹೊಸ ಡಬ್ಬಿ. ತೆಗೆಯುವಷ್ಟರಲ್ಲಿ ನನ್ನ ಉಗುರೇ ನೊಂದಿತು. ಆ ಹುಡುಗನಿಗೆ 100ರವರೆಗೆ ಎಣಿಕೆ ಬಾಯಿಪಾಠ, ವರ್ಣಮಾಲೆಯೂ ಪೂರ್ತಿ ಬರುತ್ತಿತ್ತು. ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. ‘ಮಿಸ್, ತೆಗೆದುಕೊಡಿ’ ಅಂತ ಕೇಳಲೂ ಬರುತ್ತಿರಲಿಲ್ಲ.

17 ವರ್ಷದಿಂದ ಚಿಕ್ಕ ಮಕ್ಕಳ ತರಗತಿಯಲ್ಲೇ ಇದ್ದೇನೆ. ಮೊದಲ ವರ್ಷಕ್ಕೆ ಮಗುವನ್ನು ಹೇಗೆ ತಯಾರು ಮಾಡೋದು ಅಂತ ಯಾರು ಕೇಳಿದರೂ ನಾನು ಡಬ್ಬಿಯಿಂದಲೇ ಶುರು ಮಾಡುತ್ತೇನೆ. ಅಕ್ಷರ ಕಲಿಸಲು ನಾವಿದ್ದೇವೆ. ಮೂವತ್ತು ಮುಚ್ಚಳ ತೆಗೆಯಲು ನಮಗಿರೋದು ಎರಡೇ ಕೈ.

ಶಾಲೆಗೆ ಒಂದು ತಿಂಗಳು ಇರುವಾಗ

ಡಬ್ಬಿ, ನೀರಿನ ಬಾಟಲಿ, ಚೀಲ, ಶೂ ಎಲ್ಲವನ್ನೂ ಮೊದಲೇ ತಂದುಬಿಡಿ. ಕಪಾಟಿನಲ್ಲಿ ಜೋಪಾನ ಮಾಡಬೇಡಿ, ಮಗುವಿನ ಕೈಗೆ ಕೊಡಿ. ವಾರಕ್ಕೆರಡು ಸಲ ಮನೆಯಲ್ಲೇ ನೆಲದ ಮೇಲೆ ಕೂರಿಸಿ ಆ ಡಬ್ಬಿಯಿಂದಲೇ ಊಟ ಮಾಡಿಸಿ. ತೆಗೆಯೋದು, ತಿನ್ನೋದು, ಮತ್ತೆ ಮುಚ್ಚಿ ಚೀಲಕ್ಕೆ ಹಾಕೋದು, ಅಷ್ಟೂ ಅದರದ್ದೇ ಕೆಲಸ. ಎರಡು ವಾರ ಕಳೆದರೂ ಮುಚ್ಚಳ ಬಗ್ಗದಿದ್ದರೆ ಡಬ್ಬಿ ಬದಲಾಯಿಸಿ. ತಪ್ಪು ಮಗುವಿನದ್ದಲ್ಲ.

ಜಿಪ್, ಗುಂಡಿ, ಶೂ ಕಲಿಸುವಾಗ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬನ್ನಿ. ಜಿಪ್ ಸೇರಿಸಿ ಮುಕ್ಕಾಲು ಭಾಗ ನೀವೇ ಎಳೆಯಿರಿ, ಕೊನೆಯ ಎಳೆತ ಮಗು ಎಳೆಯಲಿ. ನಾಲ್ಕು ದಿನ ಬಿಟ್ಟು ಅರ್ಧದಿಂದ. ಆಮೇಲೆ ಬುಡದಿಂದ. ಹೀಗೆ ಮಾಡಿದರೆ ಪ್ರತಿ ಸಲವೂ ‘ನಾನೇ ಹಾಕಿಕೊಂಡೆ’ ಅನ್ನೋ ಖುಷಿಯಲ್ಲೇ ಕೆಲಸ ಮುಗಿಯುತ್ತದೆ. ಮೊದಲಿನಿಂದ ಕಲಿಸಲು ಹೋದರೆ ಮೊದಲ ಹೆಜ್ಜೆಯೇ ಕಷ್ಟದ್ದು. ಮಗು ಅಲ್ಲೇ ಸೋತು ಶೂ ಎಸೆಯುತ್ತದೆ. ಎಡ ಬಲ ಗೊತ್ತಾಗದಿದ್ದರೆ ಒಂದು ಸ್ಟಿಕ್ಕರನ್ನು ಮಧ್ಯಕ್ಕೆ ಕತ್ತರಿಸಿ, ಎರಡು ಶೂಗಳ ಒಳಗೂ ಅರ್ಧರ್ಧ ಅಂಟಿಸಿ. ಶೂಗಳನ್ನು ಪಕ್ಕಪಕ್ಕ ಇಟ್ಟಾಗ ಚಿತ್ರ ಕೂಡಿಕೊಂಡರೆ ಸರಿ. ಲೇಸ್ ಈ ವರ್ಷಕ್ಕೆ ಬೇಡವೇ ಬೇಡ.

ಶೌಚಕ್ಕೆ ಹೋಗೋದು ಇನ್ನೂ ಮುಖ್ಯ. ಬೆಲ್ಟು, ಹುಕ್ಕು ಬಿಡಿ, ಇಲಾಸ್ಟಿಕ್ ಇರುವ ಬಟ್ಟೆ ಹಾಕಿ. ಕೇಳುವ ಮಾತನ್ನೂ ಬಾಯಿಗೆ ರೂಢಿ ಮಾಡಿಸಿ. ನಾನು ಮಗನ ಜೊತೆ ಆಟದಲ್ಲಿ ಈ ಅಭ್ಯಾಸ ಮಾಡಿಸಿದೆ. ಅವನ ಗೊಂಬೆ ಟೀಚರ್, ಅವನು ಹುಡುಗ. ‘ಮಿಸ್, ಬಾತ್‌ರೂಮಿಗೆ ಹೋಗಬೇಕು’, ‘ಮಿಸ್, ನನಗೆ ಗೊತ್ತಾಗಲಿಲ್ಲ’, ‘ಮಿಸ್, ಹೊಟ್ಟೆ ನೋವು’. ಈ ಮೂರು ಮಾತು ಬಂದರೆ ಅರ್ಧ ವರ್ಷ ದಾಟಿದ ಹಾಗೆ.

ನಿದ್ದೆಯ ಲೆಕ್ಕ

3ರಿಂದ 5 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆಯೂ ಈ ಲೆಕ್ಕದಲ್ಲೇ ಬರುತ್ತದೆ. 6 ತುಂಬಿದ ಮೇಲೆ 9ರಿಂದ 12 ಗಂಟೆ. ಈಗ ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಬೆಳಿಗ್ಗೆ ಆರೂವರೆಗೆ ಏಳಬೇಕು, ಮಧ್ಯಾಹ್ನ ನಿದ್ದೆ ಇಲ್ಲ ಅಂದರೆ ರಾತ್ರಿ ಎಂಟಕ್ಕೆ ಕಣ್ಣು ಮುಚ್ಚಿರಬೇಕು. ಎಂಟಕ್ಕೆ ಹಾಸಿಗೆ ಹಾಸೋದಲ್ಲ, ನಿದ್ದೆ ಬಂದಿರಬೇಕು.

ಹತ್ತಕ್ಕೆ ಮಲಗುವ ಮಗುವನ್ನು ಒಂದೇ ದಿನಕ್ಕೆ ಎಂಟಕ್ಕೆ ತರಲು ಆಗುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ಸರಿಸಿ. ಜೊತೆಗೆ ಬೆಳಿಗ್ಗೆ ಎಬ್ಬಿಸುವುದನ್ನೂ ಅಷ್ಟಷ್ಟೇ ಬೇಗ ಮಾಡಿ. ಬೆಳಿಗ್ಗೆ ತಡವಾಗಿ ಎದ್ದ ಮಗುವಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಮಲಗುವ ಮುಂಚಿನ ಒಂದು ಗಂಟೆ ಟಿವಿ, ಮೊಬೈಲ್ ಆರಿಸಿ. ದೊಡ್ಡವರದ್ದೂ. ನಮ್ಮ ಮನೆಯಲ್ಲಿ ಇದಕ್ಕೆ ಜಾಸ್ತಿ ಗಲಾಟೆ ಮಾಡಿದ್ದು ಮಗನಲ್ಲ, ಅವರಪ್ಪ.

ಬೆಳಗಿನ ನಾಲ್ಕು ಚಿತ್ರ

‘ಹಲ್ಲುಜ್ಜಿ, ಬಟ್ಟೆ ಹಾಕಿಕೊಂಡು, ಬಾಟಲಿ ತಗೊಂಡು ಬಾ’ ಅಂದರೆ ಮಗುವಿನ ತಲೆಯಲ್ಲಿ ಉಳಿಯೋದು ಒಂದು, ಹೆಚ್ಚೆಂದರೆ ಎರಡು. ಅದು ಹಟವಲ್ಲ. ಅಷ್ಟನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು ನಡೆಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು ಹೇಳಿ. ಇಲ್ಲವೇ ಹೇಳುವ ಕೆಲಸವನ್ನು ಗೋಡೆಗೆ ಒಪ್ಪಿಸಿ. ನನ್ನ ಮಗ ನಾಲ್ಕು ಚಿತ್ರ ಬರೆದ: ಬ್ರಷ್, ಅಂಗಿ, ತಟ್ಟೆ, ಶೂ. ಶೂ ನೋಡಿದರೆ ಮುಳುಗುತ್ತಿರುವ ದೋಣಿಯ ಹಾಗಿತ್ತು. ಆದರೂ ಅವನೇ ಬರೆದದ್ದಲ್ವಾ, ಆ ಚಿತ್ರ ಹೇಳಿದ್ದನ್ನು ಕೇಳುತ್ತಿದ್ದ. ಅಂಗಡಿಯಿಂದ ತಂದ ಬಣ್ಣದ ಪಟ್ಟಿಗೆ ಆ ಗೌರವ ಸಿಗಲಿಲ್ಲ. ನಾನೂ ಕೂಗುವುದನ್ನು ಬಿಟ್ಟು ‘ಈಗ ಯಾವ ಚಿತ್ರ?’ ಅಂತ ಕೇಳತೊಡಗಿದೆ.

ಬಟ್ಟೆ, ಚೀಲ ರಾತ್ರಿಯೇ ತಯಾರಿರಲಿ. ಇದನ್ನು ಎಲ್ಲರೂ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ.

ಗೇಟಿನ ಹತ್ತಿರ

ಇಲ್ಲಿ ನಾನೇ ಸೋತವಳು. ವರ್ಷಗಟ್ಟಲೆ ಬೇರೆ ತಾಯಂದಿರಿಗೆ ‘ಟಾಟಾ ಹೇಳಿ ಹೊರಟುಬಿಡಿ’ ಅಂತ ಹೇಳಿದ್ದ ನಾನು, ಮಗನ ಮೊದಲ ದಿನ ಮೂರು ಸಲ ತಿರುಗಿ ಹೋಗಿ ಅಪ್ಪಿಕೊಂಡೆ. ಮೂರೂ ಸಲ ಅವನ ಅಳು ಹೊಸದಾಗಿ ಶುರುವಾಯಿತು. ಅತ್ತರೆ ಅಮ್ಮ ವಾಪಸ್ ಬರುತ್ತಾಳೆ ಅಂತ ಅವನಿಗೆ ನಾನೇ ಪಾಠ ಮಾಡಿದ್ದೆ.

ಒಂದು ಅಪ್ಪುಗೆ, ಒಂದು ಮಾತು, ಹೊರಡಿ. ಪ್ರತಿದಿನ ಅದೇ ಅಪ್ಪುಗೆ, ಅದೇ ಮಾತು. ಕಣ್ಣು ತಪ್ಪಿಸಿ ಮಾತ್ರ ಓಡಬೇಡಿ. ಹಾಗೆ ಒಮ್ಮೆ ಮಾಯವಾದರೆ ಮರುದಿನದಿಂದ ಮಗು ನಿಮ್ಮ ಸೆರಗು ಬಿಡುವುದಿಲ್ಲ. ಯಾವಾಗ ಬರುತ್ತೀರಿ ಅನ್ನೋದನ್ನು ಗಡಿಯಾರದಲ್ಲಿ ಹೇಳದೆ ಕೆಲಸದಲ್ಲಿ ಹೇಳಿ: ‘ಊಟ ಆಗುತ್ತೆ, ಆಮೇಲೆ ಕತೆ, ಆಮೇಲೆ ನಾನು’. ಹೇಳಿದ ಹೊತ್ತಿಗೆ ಅಲ್ಲಿರಿ. ತರಗತಿಯ ಒಳಗಿನಿಂದ ನೋಡಿದವಳಾಗಿ ಹೇಳುತ್ತೇನೆ, ಅಮ್ಮ ಕಣ್ಮರೆಯಾದ ಸ್ವಲ್ಪ ಹೊತ್ತಿಗೆ ಹೆಚ್ಚಿನ ಮಕ್ಕಳು ಅಳು ನಿಲ್ಲಿಸಿ ಪಕ್ಕದವನ ಪೆನ್ಸಿಲ್ ನೋಡಲು ಶುರು ಮಾಡಿರುತ್ತಾರೆ. ಹೊರಗೆ ನಿಂತು ಅಳುತ್ತಿರುವವರು ನೀವು.

ಮನೆಗೆ ಬಂದ ಮೇಲೆ

‘ಇಲ್ಲಿ ತುಂಬಾ ಒಳ್ಳೆಯವಳು’ ಅಂತ ನಾನು ಹೇಳಿದ ಹುಡುಗಿ ಮನೆಗೆ ಹೋದ ಕೂಡಲೇ ಚೀಲ ಒದೆಯುತ್ತಾಳಂತೆ. ಅವಳ ತಾಯಿಗೆ ಗಾಬರಿ. ಇದರಲ್ಲಿ ವಿಚಿತ್ರ ಏನಿಲ್ಲ. ಇಡೀ ದಿನ ತಡೆದುಕೊಂಡದ್ದನ್ನು ಬೈಸಿಕೊಳ್ಳುವ ಭಯವಿಲ್ಲದ ಜಾಗದಲ್ಲಿ ಬಿಚ್ಚುತ್ತಾಳೆ ಅಷ್ಟೆ. ಮೊದಲ ಅರ್ಧ ಗಂಟೆ ಪ್ರಶ್ನೆ ಬೇಡ, ಪಾಠ ಬೇಡ. ನೀರು, ತಿಂಡಿ, ಆಟ.

‘ಇವತ್ತು ಏನು ಕಲಿತೆ?’ ಅಂದರೆ ಉತ್ತರ ‘ಏನೂ ಇಲ್ಲ’. ‘ನಿನ್ನ ಪಕ್ಕ ಯಾರು ಕೂತಿದ್ದರು?’, ‘ಯಾರಾದರೂ ಅತ್ತರಾ?’ ಅಂತ ಕೇಳಿ ನೋಡಿ. ನನ್ನ ಮಗ ಬಾಯಿ ಬಿಡುತ್ತಿದ್ದದ್ದು ಸ್ನಾನದ ಹೊತ್ತಿನಲ್ಲಿ, ಕಣ್ಣಿಗೆ ಸೋಪು ಹೋದ ಮೇಲೆ.

ಇನ್ನು ಓದು ಬರಹ

ದಿನಕ್ಕೆ ಹದಿನೈದು ನಿಮಿಷ ಸಾಕು. ಅದರಲ್ಲೂ ದೊಡ್ಡ ಪಾಲು ಕತೆ ಓದಿ ಹೇಳುವುದಕ್ಕೆ ಇರಲಿ. ನಡುವೆ ನಿಲ್ಲಿಸಿ ‘ಈಗ ಏನಾಗಬಹುದು?’ ಅಂತ ಕೇಳಿ. ಅದೇ ಪುಸ್ತಕವನ್ನು ಇಪ್ಪತ್ತನೇ ಸಲ ಕೇಳಿದರೂ ಓದಿ. ಬೇಸರ ನಿಮಗೆ, ಮಗುವಿಗಲ್ಲ.

ಅಕ್ಷರಕ್ಕೆ ಮುಂಚೆ ಕಿವಿ. ನಮ್ಮ ಕನ್ನಡ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚ-ಪ್ಪ-ಲಿ ಅಂದರೆ ಮೂರು ಚಪ್ಪಾಳೆ, ಮ-ನೆ ಅಂದರೆ ಎರಡು. ಮಳೆ, ಬಳೆ, ಹೊಳೆ, ಮುಂದೆ ನೀನು ಹೇಳು. ನಡೆಯುತ್ತಾ ಆಡಬಹುದು, ಪುಸ್ತಕವೂ ಬೇಡ.

ಎಣಿಕೆಯಲ್ಲಿ ಬಾಯಿಪಾಠ ನಂಬಬೇಡಿ. ಏಳು ಗುಂಡಿಗಳನ್ನು ಮುಟ್ಟಿ ಎಣಿಸಲು ಹೇಳಿ, ಮುಗಿದ ಮೇಲೆ ‘ಹಾಗಾದರೆ ಎಷ್ಟಿವೆ?’ ಅಂತ ಕೇಳಿ. ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನೋದು ಇನ್ನೂ ಹೊಳೆದಿಲ್ಲ ಅಂತ ಅರ್ಥ. ಬೈಯಬೇಡಿ. ತಟ್ಟೆ, ಚಮಚ ಎಣಿಸಿ ಇಡುವ ಕೆಲಸ ದಿನಾ ಕೊಡಿ.

ಬರವಣಿಗೆಯಲ್ಲಿ ಅವಸರ ಬೇಡ ಅಂತ ಹೇಳಲು ನನಗೆ ಕಾರಣ ಇದೆ. ಒಂದು ಸಂಜೆ ಮಗನ ಕೈಯಲ್ಲಿ ‘ಅ’ದ ಪುಟವನ್ನು ಮೂರು ಸಲ ಅಳಿಸಿ ಬರೆಸಿದೆ. ಆಮೇಲೆ ಎರಡು ವಾರ ಅವನು ಪೆನ್ಸಿಲ್ ಮುಟ್ಟಲಿಲ್ಲ. ಮಣಿಕಟ್ಟಿನ 8 ಪುಟ್ಟ ಮೂಳೆಗಳಲ್ಲಿ ಕೆಲವು ಐದನೇ ವಯಸ್ಸಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಅದು ಗೊತ್ತಿದ್ದ ಟೀಚರೇ ಹೀಗೆ ಮಾಡಿದ್ದು! ಮೊದಲು ಹಿಟ್ಟು ನಾದಲಿ, ಕಾಗದ ಹರಿಯಲಿ, ಬಟ್ಟೆಗೆ ಕ್ಲಿಪ್ ಹಾಕಲಿ. ತೀರಾ ಗಿಡ್ಡ ಮೊಂಡು ಕ್ರೇಯಾನ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇಲ್ಲ, ತಾನಾಗಿ ಬೆರಳ ತುದಿಗೆ ಬರುತ್ತದೆ. 3 ತಿರುಗಿ ಕೂತರೆ, ಅಕ್ಷರ ಕನ್ನಡಿಯಲ್ಲಿ ಕಂಡಂತೆ ಬಂದರೆ ಹೆದರಬೇಡಿ, ಈ ವಯಸ್ಸಿನಲ್ಲಿ ಅದು ಸಾಮಾನ್ಯ. ಎಡಗೈಯಲ್ಲಿ ಬರೆದರೆ ಬರೆಯಲಿ. ಬಲಗೈಗೆ ಬದಲಾಯಿಸಬೇಡಿ.

ಕೆಲವನ್ನು ಮಾತ್ರ ಕಾಯುತ್ತಾ ಕೂರಬಾರದು. ಪುಸ್ತಕವನ್ನು ಮೂಗಿಗೆ ಹಿಡಿದು ನೋಡುವುದು, ಹಿಂದಿನಿಂದ ಕರೆದರೆ ತಿರುಗದಿರುವುದು, ತಿಂಗಳಾದರೂ ಬೆಳಗಿನ ಅಳು ಒಂದಿಷ್ಟೂ ಕಡಿಮೆಯಾಗದಿರುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು. ಮೊದಲು ಟೀಚರ್ ಜೊತೆ ಮಾತಾಡಿ, ಡಾಕ್ಟರಿಗೂ ತೋರಿಸಿ. ಟೀಚರ್ ಜೊತೆ ಮಾತಾಡೋದು ಗೇಟಿನ ನೂಕುನುಗ್ಗಲಲ್ಲಿ, ಮಗುವಿನ ಎದುರು ಬೇಡ. ಬಿಡುವು ಕೇಳಿಕೊಂಡು ಹೋಗಿ.

ಕೊನೆಗೆ ರಜೆಯ ಮಾತು. ದೊಡ್ಡ ರಜೆ ಅಥವಾ ಒಂದು ವಾರದ ಜ್ವರ ಮುಗಿದ ಮೇಲೆ ಎಲ್ಲವೂ ಮೊದಲ ದಿನಕ್ಕೆ ಹೋಗಿ ನಿಲ್ಲುತ್ತದೆ. ಗೇಟಿನ ಅಳು ಕೂಡ. ಆದರೆ ಈ ಸಲ ಬೇಗ ದಾರಿಗೆ ಬರುತ್ತದೆ. ಮೈಯಲ್ಲಿ ಶಕ್ತಿ ಇದ್ದರೆ, ಶಾಲೆಗೆ ಮೂರು ದಿನ ಇರುವಾಗಲೇ ಏಳುವ ಹೊತ್ತು ಸರಿಪಡಿಸಿ, ನಾಲ್ಕು ಚಿತ್ರಗಳನ್ನು ಮತ್ತೆ ಅಂಟಿಸಿ. ನಮ್ಮ ಬಾಗಿಲಿನ ಮೇಲೆ ಗೋಂದಿನ ಕಲೆ ಇನ್ನೂ ಹಾಗೇ ಇದೆ.